ಎಲ್ಲಾ ಹತ್ತಿದ್ರಾ?

ಹುಡುಗಿ ಶವದ ವ್ಯಾನಿನ ಹಿಂಬದಿ ಮೆಟ್ಟಿಲ ಮೇಲೆ ಕೂತು, ಬಾಗಿಲು ಮುಚ್ಚಲಾಗದಂತೆ ಕಾಲು ಅಡ್ಡ ಕೊಟ್ಟುಬಿಟ್ಟಳು. ಒಳಗೆ ಬಿಳಿ ಹೊದಿಕೆಯಡಿ ತಾತ ಮಲಗಿದ್ದ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿ ಕಾಲೇಜಿಗೆ ಸೇರಿಸಿದವನು ಅವನೇ.

“ಏಳೇ, ಹೊತ್ತಾಗ್ತಿದೆ,” ಎಂದು ಅತ್ತೆ ರಟ್ಟೆ ಹಿಡಿದಳು.

“ಬಿಡು ಅತ್ತೆ. ವ್ಯಾನ್ ಹೋಗ್ಬಾರ್ದು.”

“ಬರೋರೆಲ್ಲ ಬಂದಾಯ್ತಲ್ಲ. ಇನ್ನು ಯಾರಿಗೆ ಕಾಯ್ಬೇಕು?”

ಹುಡುಗಿ ಜಪ್ಪಯ್ಯ ಅಂದರೂ ಕಾಲು ತೆಗೆಯಲಿಲ್ಲ.

ಬೀದಿಯ ಆಚೆ ಬದಿಯಲ್ಲಿ ಬಸ್ ಡಿಪೋದವರು ಗುಂಪುಗೂಡಿ ನಿಂತಿದ್ದರು. “ನಮ್ಮ ನಿಲ್ಸಪ್ಪ ಕೊನೇ ಟ್ರಿಪ್ಪೂ ಲೇಟ್ ಮಾಡ್ದ ನೋಡು,” ಎಂದ ಒಬ್ಬ ಮೆಕ್ಯಾನಿಕ್.

“ಅವನ ಬಸ್ಸಿಗೆ ಕಾಯೋ ಬದ್ಲು ನಡ್ಕೊಂಡು ಹೋಗಿದ್ರೆ, ಮನೇಲಿ ಊಟ ಮುಗಿಸಿ ಕೈ ತೊಳೀಬಹುದಿತ್ತು,” ಎಂದ ಇನ್ನೊಬ್ಬ.

ನಕ್ಕರು. ನಕ್ಕದ್ದಕ್ಕೆ ನಾಚಿ ನೆಲ ನೋಡಿದರು. ಡ್ರೈವರ್ ಆಗಿದ್ದಷ್ಟು ಕಾಲವೂ ತಾತ ಹಾಗೆಯೇ ಇದ್ದ. ಯಾರಾದರೂ ಎಷ್ಟೇ ದೂರದಿಂದ ಕೈ ಎತ್ತಿ ಓಡಿ ಬರಲಿ, ಬಸ್ಸು ನಿಲ್ಲುತ್ತಿತ್ತು. ಪ್ರಯಾಣಿಕರು ಬೈದರು, ಮೇಲಿನವರು ನೋಟೀಸು ಕೊಟ್ಟರು. ಬೈಸಿಕೊಳ್ಳುವುದು ಅವನಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ನಿಲ್ಸಪ್ಪ ಎಂಬ ಅಡ್ಡಹೆಸರು ಅಂಟಿಕೊಂಡದ್ದು ಹಾಗೆ.

ಅವನ ಜೊತೆ ಕೊನೆಯವರೆಗೂ ದುಡಿದ ಕಂಡಕ್ಟರ್ ಮಾತ್ರ ಒಂದು ದಿನವೂ ಆ ಹೆಸರು ಹಿಡಿದು ಕರೆದವನಲ್ಲ. ಈಗ ಅವನೇ ಬೀದಿ ದಾಟಿ ಬಂದು, ಮಂಡಿ ಹಿಡಿದುಕೊಂಡು, ಹುಡುಗಿಯ ಪಕ್ಕ ಕೂತ.

“ಏನಾಯ್ತು ಮಗಾ?”

“ತಾತನ್ನ ನಾನೇ ಕಳಿಸ್ಬಿಟ್ಟೆ,” ಎಂದಳು ಹುಡುಗಿ.

*

ಮೊನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತಾತನ ಬಲಗಾಲು ಹೊದಿಕೆಯೊಳಗೆ ಮಂಚದ ಕಂಬಿಯನ್ನು ಒತ್ತಿ ಹಿಡಿದಿತ್ತು. ಬ್ರೇಕು ಒತ್ತಿದ ಹಾಗೆ. ಬೆಳಗಿನಿಂದ ಒಂದೇ ಪ್ರಶ್ನೆ.

“ಎಲ್ಲಾ ಹತ್ತಿದ್ರಾ?”

ನರ್ಸು ಸುಮ್ಮನೆ ಮಲಗಿ ಎಂದಳು. ಅತ್ತೆ ದೇವರ ಹೆಸರು ಹೇಳಿ ಎಂದು ಗದರಿ ಔಷಧಿ ತರಲು ಹೋದಳು. ತಾತ ಮತ್ತೆ ಅದನ್ನೇ ಕೇಳಿದ. ಅವನು ಪಡುವ ಪಾಡು ನೋಡಲಾರದೆ ಹುಡುಗಿ ಕಿವಿಯ ಬಳಿ ಬಾಗಿದಳು.

“ಹೂಂ ತಾತ, ಎಲ್ಲಾ ಹತ್ತಿದ್ರು.”

ತಾತ ಕಣ್ಣು ಅಗಲಿಸಿ ಅವಳನ್ನೇ ನೋಡಿದ. “ಆ ಹುಡುಗನೂ?”

ಯಾವ ಹುಡುಗನೋ ಅವಳಿಗೇನು ಗೊತ್ತು. “ಅವನೂ ಹತ್ತಿದ. ರೈಟ್, ಹೋಗೋಣ.”

ಕಂಬಿಯ ಮೇಲಿನ ಕಾಲು ಸಡಿಲವಾಯಿತು. ಅತ್ತೆ ಔಷಧಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

“ಇನ್ನೂ ಒಬ್ರು ಬರ್ಬೇಕು ಅಂದಿದ್ರೆ ಕಾಯ್ತಿದ್ದ,” ಹುಡುಗಿಯ ದನಿ ಒಡೆಯಿತು. “ಕಂಡೋರಿಗೆಲ್ಲ ಕಾಯ್ತಿದ್ದ ತಾತ. ನಾನೇ ರೈಟ್ ಅಂದೆ.”

ಕಂಡಕ್ಟರ್ ಅವಳತ್ತ ತಿರುಗಿದ. “ಆ ಹುಡುಗ ಯಾರು ಅಂತ ನಿಂಗೆ ಹೇಳಿದ್ನಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

*

ಅದು ಸರ್ಕಾರ ಬಿದ್ದ ವರ್ಷ. ನಿನ್ನೆಯವರೆಗೆ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು ಇಂದು ಪಕ್ಕದ ಮನೆಗಳ ಬಾಗಿಲಿಗೆ ಗುರುತು ಹಚ್ಚುತ್ತಿದ್ದರು. ಗುರುತು ಬಿದ್ದ ಮನೆ ಸಂಜೆಯೊಳಗೆ ಉರಿಯುತ್ತಿತ್ತು. ಮಾರುಕಟ್ಟೆಯಿಂದ ಹೊರಟ ಕೊನೆಯ ಬಸ್ಸಿಗೆ ಡ್ರೈವರ್ ತಾತ, ಕಂಡಕ್ಟರ್ ಇವನು. ಇಬ್ಬರಿಗೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಹೆಂಗಸರು, ಮಕ್ಕಳು, ಹಸುಗೂಸುಗಳು.

ಡ್ರೈವರನ ತಮ್ಮ, ಈಗ ಈ ಹುಡುಗಿಗೆ ಇರುವಷ್ಟೇ ವಯಸ್ಸಿನವನು, ಗಲ್ಲಿಯಲ್ಲಿ ಉಳಿದವರನ್ನು ಕರೆತರುತ್ತೇನೆಂದು ಇಳಿದು ಓಡಿದ್ದ. ಡ್ರೈವರ್ ಕಾದ. ಅಷ್ಟರಲ್ಲಿ ಮಾರುಕಟ್ಟೆಯ ತಿರುವಿನಲ್ಲಿ ಪಂಜು ಹಿಡಿದ ಗುಂಪು ಕಾಣಿಸಿತು. ಎಲ್ಲಾ ಹತ್ತಿದ್ರು, ಹೋಗಪ್ಪಾ ಹೋಗು ಎಂದು ಬಸ್ಸಿಗೆ ಬಸ್ಸೇ ಚೀರಿತು.

ಬಸ್ಸು ಹೊರಟಿತು. ಆಗ ತಮ್ಮ ಗಲ್ಲಿಯಿಂದ ಹೊರಬಿದ್ದ. ಒಬ್ಬನೇ. ಅವನ ಬೆನ್ನ ಹಿಂದೆಯೇ ಗುಂಪು. “ಅಣ್ಣಾ, ನಿಲ್ಸೋ!” ಎಂದು ಕೈ ಎತ್ತಿ ಓಡಿ ಬಂದ. ಕನ್ನಡಿಯಲ್ಲಿ ಅವನನ್ನು ಕಂಡೂ ಅಣ್ಣ ಬಸ್ಸು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅಷ್ಟೂ ಜನ ಸುಟ್ಟುಹೋಗುತ್ತಿದ್ದರು. ತಮ್ಮನ ಹೆಣವೂ ಸಿಗಲಿಲ್ಲ.

*

“ಹುಡುಗ ಹತ್ತಿದ ಅಂತ ಅವನಿಗೆ ಯಾರೂ ಹೇಳಿರ್ಲಿಲ್ಲ,” ಎಂದ ಕಂಡಕ್ಟರ್. “ನೀನು ಹೇಳ್ದೆ. ನೆಮ್ಮದಿಯಾಗಿ ಹೋದ.”

“ಸುಳ್ಳು ಹೇಳ್ದೆ.”

“ಹೂಂ, ಸುಳ್ಳೇ.”

“ಈಗ ತಾತ ಹಿಂದೆ ತಿರುಗಿ ನೋಡ್ತಾನೆ,” ಹುಡುಗಿ ಅವನ ತೋಳನ್ನು ಉಗುರು ಊರುವಂತೆ ಹಿಡಿದಳು. “ಒಂದೊಂದು ಸೀಟೂ ಹುಡುಕ್ತಾನೆ. ಆ ಹುಡುಗ ಇರಲ್ಲ. ಆಗ ಏನ್ಮಾಡ್ತಾನೆ, ಹೇಳಿ?”

ಮುದುಕ ಕಂಡಕ್ಟರ್ ಮಗುವಿನಂತೆ ಅತ್ತುಬಿಟ್ಟ.

ವ್ಯಾನಿನವನು ಮುಂದಿನಿಂದ ಇಣುಕಿದ. “ಇನ್ನೂ ತಡ ಮಾಡಿದ್ರೆ ಸ್ಮಶಾನದ ಗೇಟು ಹಾಕ್ಬಿಡ್ತಾರೆ ಸ್ವಾಮಿ. ಆಮೇಲೆ ನನ್ನನ್ನ ಬೈಬೇಡಿ.”

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹುಡುಗಿ ಎದ್ದು ಒಳಗೆ ಹತ್ತಿ ತಾತನ ಪಕ್ಕ ಕೂತಳು. ವ್ಯಾನಿನವನು ಇಳಿದು ಬಂದು ಬಾಗಿಲು ಎಳೆಯಲು ಹೋದರೆ, ಅವಳ ಮೊಣಕಾಲು ಮತ್ತೆ ಅಡ್ಡ ಬಂತು.

“ಹಾಕ್ಬೇಡಿ.”

“ಹಾಗೆಲ್ಲ ಗಾಡಿ ಓಡಿಸಕ್ಕಾಗಲ್ಲಮ್ಮ.”

“ತೆಗ್ದೇ ಇರ್ಲಿ ಬಿಡಪ್ಪ,” ಎಂದ ಕಂಡಕ್ಟರ್, ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತುತ್ತ. “ನಾನು ಹಿಡ್ಕೊಂಡಿರ್ತೀನಿ. ನೀನು ನಿಧಾನಕ್ಕೆ ನಡಿ.”

ವ್ಯಾನು ಹೊರಟಿತು. ನಡೆದು ಬರುತ್ತಿದ್ದವರು ಮೊದಲ ತಿರುವಿನಲ್ಲೇ ಹಿಂದೆ ಬಿದ್ದರು. ರಸ್ತೆ ಬಿಸಿಲಲ್ಲಿ ಬರಿದಾಗಿತ್ತು. ಒಂದೊಂದು ಗಲ್ಲಿ ಎದುರಾದಾಗಲೂ ಹುಡುಗಿ ಹೊರಗೆ ಬಾಗುತ್ತಿದ್ದಳು. ಯಾರೂ ಬರದೆ ಆ ಗಲ್ಲಿ ಹಿಂದೆ ಸರಿಯುತ್ತಿತ್ತು. ಅವಳ ಒಂದು ಕೈ ತಾತನ ಹೊದಿಕೆಯನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ಇನ್ನೊಂದು ಕೈ, ಓಡಿ ಬರುವವರನ್ನು ಹತ್ತಿಸಿಕೊಳ್ಳಲು ಚಾಚುವ ಹಾಗೆ, ಬಾಗಿಲಾಚೆ ಚಾಚಿಕೊಂಡೇ ಇತ್ತು.