ಶನಿವಾರದ ಚಿತ್ರ

ನನ್ನ ಯೋಜನೆ ಹದಿನಾಲ್ಕು ಪುಟವಿತ್ತು. ಮೊದಲ ಪುಟದಲ್ಲಿ ಗುರಿ: ದೊಡ್ಡಮ್ಮನ ಬ್ರೆಡ್ಡು ಬಿಟ್ಟುಹೋದವರು ಮೂರು ತಿಂಗಳಲ್ಲಿ ಮರಳಬೇಕು. ಮರಳದಿದ್ದರೆ ನಲವತ್ತು ವರ್ಷ ಆರದ ಅವಳ ಮಣ್ಣಿನ ಒಲೆ ಆರುತ್ತದೆ ಎಂದು ಬರೆದಿರಲಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮೂರು ಮಾನ್‌ಕೆಸ್ಸಿಮ್‌ನ ವೃತ್ತದಲ್ಲಿ ನಿಲ್ಲುವ ಪ್ರತಿ ಬಸ್ಸಿನ ಕಿಟಕಿಗೂ ಒಂದು ಕಾಲದಲ್ಲಿ ನಮ್ಮ ಬ್ರೆಡ್ಡೇ ಏರುತ್ತಿತ್ತು. ತಲೆಯ ಮೇಲೆ ಹೊತ್ತು ಮಾರುವ ಹೆಂಗಸರು ಇಪ್ಪತ್ತೆರಡು ಮಂದಿ ಇದ್ದರು. ರಸ್ತೆಯಾಚೆ ಯಂತ್ರದ ಹೊಸ ಬೇಕರಿ ಬಂದ ಮೇಲೆ ಉಳಿದವರು ಒಂಬತ್ತು. ಆ ಬೇಕರಿಗೆ ಫೇಸ್‌ಬುಕ್ ಪುಟವಿತ್ತು, ಕುಣಿಯುವ ಹುಡುಗಿಯರ ವಿಡಿಯೋಗಳಿದ್ದವು. ನಾನು ಕೇಪ್ ಕೋಸ್ಟ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದಿ ಕೆಲಸ ಸಿಗದೆ ಮನೆಯಲ್ಲಿದ್ದೆ. ಬೇರೇನೂ ಬಾರದಿದ್ದರೂ ಅಳೆಯಲು ಬರುತ್ತದೆ ಎಂದುಕೊಂಡೆ.

ಊರಿನ ಐದು ವಾಟ್ಸಾಪ್ ಗುಂಪುಗಳಲ್ಲಿ ಯಾವ ದಿನ, ಯಾವ ಗಂಟೆಗೆ ಎಷ್ಟು ಚಿತ್ರಗಳು ಓಡಾಡುತ್ತವೆ ಎಂದು ಆರು ವಾರ ಗುರುತು ಹಾಕಿದೆ. ಶನಿವಾರ ಬೆಳಿಗ್ಗೆ ಆರರಿಂದ ಒಂಬತ್ತು. ಬೇರೆ ಯಾವ ಹೊತ್ತೂ ಅದರ ಹತ್ತಿರ ಸುಳಿಯಲಿಲ್ಲ. ಶನಿವಾರವೇ ಏಕೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಚಿತ್ರದಲ್ಲಿ ದೊಡ್ಡಮ್ಮನ ಮುಖವೇ ಇರಲಿ ಎಂದು ತೀರ್ಮಾನಿಸಿದೆ. ಯಂತ್ರದ ಬೇಕರಿಗೆ ಮುಖವಿರಲಿಲ್ಲ. ಅವಳು ಪೆಟ್ಟಿಗೆಯಿಂದ ಕಪ್ಪು-ಬಿಳಿಯ ಒಳ್ಳೆಯ ಬಟ್ಟೆ ತೆಗೆದು ಉಟ್ಟಳು. ಪ್ರಿಂಟ್ ಅಂಗಡಿಯ ಕ್ವೇಕು ತನ್ನ ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಚಿನ್ನದಂಚಿನ ಚೌಕಟ್ಟಿನೊಳಗೆ ಅವಳನ್ನು ಕೂರಿಸಿದ. ಕೆಳಗೆ ಅವಳ ಹೆಸರು, ಆಂಟಿ ಎಕುವಾ ಬೈಡೂ. ಅದರ ಕೆಳಗೆ, ಒಲೆ ಹಚ್ಚಿದ ವರ್ಷದಿಂದ ಈ ವರ್ಷದವರೆಗೆ, 1984–2024. ಕೊನೆಗೆ, ‘ನಲವತ್ತು ವರ್ಷ ದಣಿಯದ ಕೈ’.

“ಹೇಗಿದೆ ದೊಡ್ಡಮ್ಮ?”

ಅವಳು ಫೋನನ್ನು ದೂರ ಹಿಡಿದು ನೋಡಿದಳು. “ಅಯ್ಯೋ, ಯಾರೋ ದೊಡ್ಡವರ ಥರ ಕಾಣ್ತಿದೀನಲ್ಲೇ ಅರಬಾ! ನಿನ್ನ ದೊಡ್ಡಪ್ಪ ಇದ್ದಿದ್ರೆ ಇನ್ನೊಂದ್ಸಲ ಮದುವೆ ಆಗ್ತಿದ್ರು.”

ನನಗೂ ಚಂದ ಕಂಡಿತು.

ಶನಿವಾರ ಆರೂ ಹತ್ತಕ್ಕೆ ಐದೂ ಗುಂಪುಗಳಿಗೂ ಫೇಸ್‌ಬುಕ್ಕಿಗೂ ಹಾಕಿದೆ. ಎಂಟಕ್ಕೆ ಒಂಬೈನೂರು ಜನ ಹಂಚಿಕೊಂಡಿದ್ದರು. ಹತ್ತಕ್ಕೆ ಮೂರು ಸಾವಿರ. ನಾನು ಗ್ರಾಫಿನ ಗೆರೆ ಎಳೆಯುತ್ತಿದ್ದೆ. ಗೆರೆ ಕಾಗದದ ಮೇಲಂಚು ಮುಟ್ಟಿತು. ಓಡಿಹೋಗಿ ಹೇಳಿದೆ.

“ಅಷ್ಟೂ ಜನ ಬ್ರೆಡ್ ಕೇಳಿದ್ರೆ ಎಲ್ಲಿಂದ ತರ್ಲೇ?” ಎಂದು ಬೈಯುತ್ತಲೇ ದೊಡ್ಡಮ್ಮ ಎರಡು ಪಾಲು ಹಿಟ್ಟು ನಾದಿದಳು.

ಮಧ್ಯಾಹ್ನದ ಬ್ರೆಡ್ಡಿಗೆ ಯಾರೂ ಬರಲಿಲ್ಲ. ದಿನವೂ ಬರುವ ಒಂಬತ್ತು ಮಂದಿಯೂ ಬರಲಿಲ್ಲ. ತಟ್ಟೆಗಳು ಬಟ್ಟೆ ಹೊದ್ದು ಕೂತಿದ್ದವು. ಆಗ ಮೊದಲ ಸಲ, ಎಣಿಸುವುದು ಬಿಟ್ಟು ಜನ ಬರೆದದ್ದನ್ನು ಓದಿದೆ.

‘ಹೋಗಿ ಬಾ ತಾಯಿ.’ ‘ನಿಮ್ಮ ಬ್ರೆಡ್ ತಿಂದು ಬೆಳೆದವ ನಾನು.’ ‘ಒಂದು ವಾರದ ಕಾರ್ಯ ಎಲ್ಲಿ?’

ಶನಿವಾರ ನಮ್ಮಲ್ಲಿ ಹೂಳುವ ದಿನ. ಬೆಳಗಾಗುತ್ತಲೇ ಎಲ್ಲರ ಫೋನಿನಲ್ಲೂ ಅಂದಿನ ಸತ್ತವರು ಓಡಾಡುತ್ತಾರೆ: ಚಿನ್ನದಂಚು, ಹೆಸರು, ಎರಡು ಇಸವಿ. ಊರಿನ ಗೋಡೆಗಳಲ್ಲೂ ಅವೇ. ಹುಟ್ಟಿದಾಗಿನಿಂದ ದೊಡ್ಡ ಚಿತ್ರವೆಂದು ನೋಡಿದ್ದೇ ಅದನ್ನು. ನನಗೂ ಅವಳಿಗೂ ಕ್ವೇಕುವಿಗೂ ಚಂದವೆಂದರೆ ಅದೇ ಆಗಿತ್ತು.

ಚಿತ್ರ ಅಳಿಸಿ, ಅವಳು ಬದುಕಿದ್ದಾಳೆಂದು ಬರೆದೆ. ಸಂಜೆಯವರೆಗೆ ನಲವತ್ತೊಂದು ಜನ ನೋಡಿದರು.

ಹೇಳಿದಾಗ ದೊಡ್ಡಮ್ಮ ಮೊದಲು ನಕ್ಕಳು. “ಯಾರ್ಯಾರು ಅತ್ತಿದಾರೆ, ಓದು.” ಓದಿದೆ. ತುಂಬ ಹೊತ್ತು ಓದಿದೆ. ಅವಳು ಅಂಗಳದ ಕಡೆ ನೋಡುತ್ತಿದ್ದಳು.

“ಸಾವಿರಗಟ್ಟಲೆ ಜನ. ಬಾಗಿಲಿಗೆ ಒಬ್ರೂ ಬರ್ಲಿಲ್ಲ ನೋಡು,” ಎಂದಳು.

ಭಾನುವಾರ ಬೆಳಿಗ್ಗೆ ಒಬ್ಬಳು ಬಂದಳು. ಮಾನ್ಸಾ, ಒಂಬತ್ತು ಮಂದಿಯಲ್ಲಿ ಹಿರಿಯಳು. ಸಾವಿನ ಮನೆಗೆ ಉಡುವ ಕೆಂಪು-ಕಪ್ಪಿನ ಬಟ್ಟೆ, ತಲೆಯ ಮೇಲೆ ಅಳಲು ಬರುವ ನೆಂಟರಿಷ್ಟರಿಗೆಂದು ನೀರಿನ ಪೊಟ್ಟಣಗಳ ಮೂಟೆ. ಒಲೆಯ ಮುಂದೆ ಕೂತಿದ್ದ ದೊಡ್ಡಮ್ಮನನ್ನು ಕಂಡು ಮೂಟೆ ಕೆಳಗೆ ಹಾಕಿಬಿಟ್ಟಳು.

“ಆಂಟಿ! ನೀವಾ?”

“ಅಲ್ಲ, ನನ್ನ ದೆವ್ವ. ನಿನ್ನೆ ಯಾಕೆ ಬರ್ಲಿಲ್ಲ ಬ್ರೆಡ್ಡಿಗೆ?”

“ಸತ್ತ ಮನೇಲಿ ಬ್ರೆಡ್ ಸುಡ್ತಾರಾ ಆಂಟಿ? ತಟ್ಟೆ ಹಿಡ್ಕೊಂಡು ಬಂದಿದ್ರೆ ಜನ ಮುಖಕ್ಕೆ ಉಗೀತಿದ್ರು.” ಮಾನ್ಸಾ ಅವಳ ಕೈ, ತೋಳು, ಕೆನ್ನೆ ಮುಟ್ಟಿ ಮುಟ್ಟಿ ಅತ್ತಳು.

“ಸಾಕು ಮಾಡೇ, ಬದುಕಿದೀನಲ್ಲ. ತಟ್ಟೆ ತುಂಬ್ಕೋ, ಬಸ್ಸು ಬರೋ ಹೊತ್ತಾಯ್ತು.”

ಮಾನ್ಸಾ ಕೈ ಹಿಂದಕ್ಕೆ ತೆಗೆದುಕೊಂಡಳು. “ನಿನ್ನೇನೇ ಎದುರುಗಡೆ ಬೇಕರಿಗೆ ಸೇರ್ಕೊಂಡ್ವಿ ಆಂಟಿ. ಬೇರೆಯವರ ಬ್ರೆಡ್ ಮುಟ್ಟಲ್ಲ ಅಂತ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಈ ವರ್ಷ ಪೂರ್ತಿ. ನೀವಿಲ್ಲ ಅಂದ್ಮೇಲೆ ನಾವಾದ್ರೂ ಏನ್ಮಾಡೋದು?”

“ಒಂಬತ್ತೂ ಜನಾನಾ?”

“ಒಂಬತ್ತೂ ಜನ.”

ದೊಡ್ಡಮ್ಮ ಎದ್ದು ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಅವಳ ಕಂಕುಳಿಗೆ ತುರುಕಿದಳು. “ಮಾರ್ಬೇಡ. ಮಕ್ಕಳಿಗೆ ಕೊಡು.”

ಮಾನ್ಸಾ ಹೋದ ಮೇಲೆ ನಾನು ತಟ್ಟೆಗಳಿಗೆ ಮತ್ತೆ ಬಟ್ಟೆ ಹೊದಿಸಿದೆ. ದೊಡ್ಡಮ್ಮ ಕೇಳಿದಳು. “ಆ ಚಿತ್ರ ನಿನ್ನತ್ರ ಇದ್ಯಾ?”

“ಅಳಿಸ್ಬಿಟ್ಟೆ.”

“ಕ್ವೇಕು ಹತ್ರ ಇರುತ್ತೆ. ಇಸ್ಕೊಂಡಿಟ್ಕೋ. ಇನ್ನೊಂದ್ಸಲ ತೆಗೆಸೋ ಕೆಲಸ ತಪ್ಪುತ್ತೆ.”

ಸೋಮವಾರ ಅವಳು ಒಲೆಗೆ ಸೌದೆ ಹಾಕಲಿಲ್ಲ. ಬುಧವಾರ ನಾನು ಅದರ ಗೋಡೆಗೆ ಅಂಗೈ ಒತ್ತಿ ನೋಡಿದೆ, ಒಳಗೆಲ್ಲೋ ಇನ್ನೂ ಬೆಚ್ಚಗಿತ್ತು. ಗುರುವಾರ ಬೆಕ್ಕು ಒಳಗೆ ಮಲಗಿತ್ತು.