ಗೋಡೆಯಾಚೆ ಬಿಟ್ಟ ಉಣ್ಣೆಗಳು

ಬೆಳಗಿನ ಕಾಫಿ ಮುಗಿದರೆ ಪಾರ್ಥಸಾರಥಿ ಮೇಷ್ಟ್ರು ಹಿತ್ತಿಲ ಕಟ್ಟೆಯ ಮೇಲೆ ಕೂತು ತಮ್ಮ ನಾಯಿ ಗುಂಡನ ಕಿವಿ ಮಗುಚಿ ಉಣ್ಣೆ ಆರಿಸುವರು. ನಿವೃತ್ತರಾದ ಮೇಲೆ ಇದಕ್ಕಿಂತ ಶ್ರದ್ಧೆಯ ಕೆಲಸ ಅವರಿಗೆ ಇನ್ನೊಂದಿರಲಿಲ್ಲ. ಆದರೆ ಕೊಲ್ಲುವುದಿಲ್ಲ. ಇರುವೆ ಕಂಡರೂ ದಾಟಿ ನಡೆಯುವ ಮನುಷ್ಯ. ರಕ್ತ ಕುಡಿದು ಹರಳುಬೀಜದಷ್ಟು ಊದಿದ ಉಣ್ಣೆಗಳನ್ನು ಕಾಗದದ ಚೂರಿಗೆ ಹಾಕಿ, ಮೋಟು ಗೋಡೆಯಾಚೆ ಮೆಲ್ಲಗೆ ಉದುರಿಸುವರು.

"ಸೋಪಿನ ನೀರಿಗೆ ಹಾಕಬಾರದೇನ್ರೀ?" ಎಂದು ಹೆಂಡತಿ ಪಂಕಜಮ್ಮ ಕೇಳಿದರೆ, "ಅದಕ್ಕೂ ಜೀವ ಇಲ್ವೇನೇ?" ಅನ್ನುವರು. ಗೋಡೆಯಾಚೆ ಇದ್ದದ್ದು ಚಿಕ್ಕಲಕ್ಷ್ಮಮ್ಮನ ದನದ ಕೊಟ್ಟಿಗೆ. ಅಲ್ಲಿ ಅವಳ ನಾಯಿ ಕೆಂಚ ಮಲಗುತ್ತಿತ್ತು. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಯೋಚಿಸಿರಲಿಲ್ಲ, ಅಷ್ಟೆ.

ಆ ಸೋಮವಾರ ಗುಂಡನಿಗೆ ಲಸಿಕೆ ಹಾಕಿಸಲು ಮಳವಳ್ಳಿಯ ಪಶು ಆಸ್ಪತ್ರೆಗೆ ಹೋದರು. ಡಾಕ್ಟರ್ ದೀಪಶ್ರೀ ಅವರ ಹಳೆಯ ಶಿಷ್ಯೆ.

"ಉಣ್ಣೆ ಕಿತ್ತು ಏನ್ ಮಾಡ್ತೀರಿ ಸಾರ್?"

"ಗೋಡೆ ಆಚೆ ಬಿಟ್ಬಿಡ್ತೀನಮ್ಮ."

ದೀಪಶ್ರೀ ಕೈಯಲ್ಲಿದ್ದ ಸಿರಿಂಜು ಕೆಳಗಿಟ್ಟಳು. "ಅಯ್ಯೋ ಸಾರ್! ಹೊಟ್ಟೆ ತುಂಬಿದ ಒಂದು ಹೆಣ್ಣು ಉಣ್ಣೆ ಗೋಡೆ ಬಿರುಕಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ರೋಗ ಇರೋ ನಾಯಿ ರಕ್ತ ಕುಡಿದ ಉಣ್ಣೆ ಇನ್ನೊಂದು ನಾಯಿಗೆ ಕಚ್ಚಿದ್ರೆ ಬ್ಯಾಕ್ಟೀರಿಯಾ ಅದಕ್ಕೂ ಹೋಗುತ್ತೆ. ಜ್ವರ ಬರುತ್ತೆ, ಊಟ ಬಿಡುತ್ತೆ, ಮೂಗಲ್ಲಿ ರಕ್ತ ಬರುತ್ತೆ. ಬೇಗ ತಂದ್ರೆ ಮಾತ್ರೆಯಲ್ಲೇ ವಾಸಿಯಾಗುತ್ತೆ. ತಡವಾದ್ರೆ ಕಷ್ಟ."

"ಗುಂಡ ಚೆನ್ನಾಗೇ ಇದಾನಲ್ಲಮ್ಮ?"

"ಹೊರಗೆ ಏನೂ ಕಾಣದೆ ಒಳಗೇ ಇರಬಹುದು ಸಾರ್. ಇವನ ರಕ್ತಾನೂ ನೋಡ್ತೀನಿ."

ನಾಲ್ಕು ದಿನದಿಂದ ಕೆಂಚ ಮುದ್ದೆ ಮುಟ್ಟಿಲ್ಲವೆಂದು ಚಿಕ್ಕಲಕ್ಷ್ಮಮ್ಮ ಗೊಣಗಿದ್ದು ನೆನಪಾಗಿ, ಗುಂಡನ ರಕ್ತ ತೆಗೆದ ಕೂಡಲೇ ಮೇಷ್ಟ್ರು ಅವನನ್ನು ಕರೆದುಕೊಂಡು ಮನೆಗೆ ಧಾವಿಸಿದರು.

ಮನೆಯ ಬೀದಿಗೆ ಬಂದರೆ ಅಲ್ಲಿ ಜನ ಸೇರಿತ್ತು. ಚಿಕ್ಕಲಕ್ಷ್ಮಮ್ಮ ಶಾಪ ಹಾಕಲು ಹಿಡಿ ಮಣ್ಣು ಎತ್ತಿಕೊಂಡು ಹಾಲಿನ ಶಿವಣ್ಣನ ಲಗೇಜ್ ಆಟೋಗೆ ಅಡ್ಡ ನಿಂತಿದ್ದಳು. ಹೋದ ತಿಂಗಳು ಕೆಂಚ ಅವನ ಕಾಲಿಗೆ ಕಚ್ಚಿತ್ತು.

"ಆ ಸಿಟ್ಗೆ ಇಸ ಆಕ್ದೆ ತಾನೆ? ಬಾಯ್ ಬುಟ್ಟು ಯೋಳ್ಲಾ! ನನ್ ಕೆಂಚಂಗೆ ಮೂಗಲ್ಲಿ ರಕ್ತ ಸೋರ್ತಾ ಅದೆ ಕಣ್ಲಾ! ಮಣ್ ತೂರ್ತೀನಿ, ನಿನ್ ಮನೆ ಹಾಳಾಗೋಗ್ಲಿ!"

"ನನ್ ಮಕ್ಳಾಣೆ ನಾ ಆಕಿಲ್ಲ ಕಣಕ್ಕ. ಎತ್ಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಯ್ತು ನಂದು!" ಶಿವಣ್ಣನ ಕಣ್ಣಲ್ಲಿ ನೀರಿತ್ತು.

ಮೇಷ್ಟ್ರು ಉಣ್ಣೆ ಉದುರಿಸಿದ್ದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ. ಸುಮ್ಮನೆ ಒಳಗೆ ಹೋಗಿಬಿಟ್ಟರೆ ಕೇಳುವವರು ಯಾರು? ಹಾಗೆ ಅನ್ನಿಸಿದ್ದಕ್ಕೇ ಅವರಿಗೆ ನಾಚಿಕೆಯಾಯಿತು.

"ಶಿವಣ್ಣನ ಮೇಲೆ ತೂರಬೇಡಮ್ಮ," ಎಂದರು. "ವಿಷ ಅಲ್ಲ ಅನ್ಸುತ್ತೆ. ಉಣ್ಣೆಯಿಂದ ಬರೋ ರೋಗ ಇರಬೇಕು. ನಮ್ಮ ಗುಂಡನ ಉಣ್ಣೆ ಕಿತ್ತು ದಿನಾ ನಿಮ್ಮ ಕೊಟ್ಟಿಗೆ ಕಡೆ ಉದುರಿಸ್ತಿದ್ದೋನು ನಾನು. ಕೊಂದರೆ ಪಾಪ ಅಂತ..."

ಚಿಕ್ಕಲಕ್ಷ್ಮಮ್ಮ ಅವರನ್ನೇ ನೋಡಿದಳು. "ನೀವಾ ಸ್ವಾಮಿ? ನಿಮ್ಮನೇಲಿ ಉಣ್ಣೆ ಕೊಂದ್ರೆ ಪಾಪ, ನಮ್ಮನೇಲಿ ನಾಯಿ ಸತ್ರೆ ಪುಣ್ಯವಾ?"

ಮೇಷ್ಟ್ರು ಅವಳೆದುರಿಗೆ ಬಂದು ನಿಂತರು.

"ಈಗ ಯಾರ್ ಮ್ಯಾಲೆ ತೂರ್ಲಿ ಈ ಮಣ್ಣ?"

"ನನ್ನ ಮೇಲೇ ತೂರಮ್ಮ." ಮೇಷ್ಟ್ರು ತಲೆ ತಗ್ಗಿಸಿದರು.

ಅವಳ ಕೈ ಮೇಲೆದ್ದು ಅಲ್ಲೇ ನಿಂತಿತು. ಮಣ್ಣು ಬೆರಳ ಸಂದಿಯಿಂದ ಅವಳ ಸೀರೆಯ ಮೇಲೇ ಸುರಿಯಿತು. ಅವಳು ಗೊಳೋ ಎಂದು ಅತ್ತಳು.

ಶಿವಣ್ಣ ಆಟೋದಿಂದ ಹಾಲಿನ ಕ್ಯಾನುಗಳನ್ನು ದಡದಡನೆ ಕೆಳಗಿಳಿಸಿದ. "ಜಗ್ಳ ಆಮೇಲ್ ಆಡೀರಂತೆ. ನಾಯಿ ತಕ್ಕಬನ್ನಿ, ಆಸ್ಪತ್ರೆ ಬಾಗ್ಲಾಕ್ಬುಡ್ತಾರೆ!"

ಮೇಷ್ಟ್ರು ಕೊಟ್ಟಿಗೆಗೆ ನುಗ್ಗಿ ಕೆಂಚನನ್ನು ಎದೆಗವಚಿಕೊಂಡು ತಂದರು. ಬಿಳಿ ಅಂಗಿಗೆ ರಕ್ತ ಹತ್ತಿದ್ದನ್ನು ಅವರು ನೋಡಿಕೊಳ್ಳಲೂ ಇಲ್ಲ.

ಆಸ್ಪತ್ರೆಯ ರಕ್ತ ಪರೀಕ್ಷೆಯಲ್ಲಿ ಗುಂಡನಿಗೂ ಕೆಂಚನಿಗೂ ಅದೇ ರೋಗವೆಂದು ತಿಳಿಯಿತು. "ಕೆಂಚ ಉಳೀತಾನೆ ಅಂತ ಈಗಲೇ ಹೇಳಕ್ಕಾಗಲ್ಲ," ಎಂದಳು ದೀಪಶ್ರೀ. "ಇಪ್ಪತ್ತೆಂಟು ದಿನ ಒಂದು ಹೊತ್ತೂ ತಪ್ಪದೆ ಮಾತ್ರೆ ಬೀಳಬೇಕು. ಯಾರು ಕೊಡ್ತೀರಿ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಚಿಕ್ಕಲಕ್ಷ್ಮಮ್ಮ ಕಣ್ಣೊರೆಸಿಕೊಂಡಳು.

"ಇವ್ರೇ ಕೊಡ್ಲಿ ಕಣವ್ವ. ನಾ ಗದ್ದೆಗೋಯ್ತೀನಿ. ಆದ್ರೆ ಸ್ವಾಮಿ, ಗ್ವಾಡೆ ಮ್ಯಾಲಿಂದ ಎಸೆಯಂಗಿಲ್ಲ. ಬಾಗ್ಲಿಂದ ಒಳಿಕ್ ಬಂದು ಕೊಡ್ಬೇಕು."

ಮೇಷ್ಟ್ರು ಮಾತ್ರೆಯ ಚೀಟಿಗೆ ಎರಡೂ ಕೈ ಚಾಚಿದರು.