ಉಡಿಯಕ್ಕಿ

"ನಿನಗ ಬಸರ ನಾ ಮಾಡೇನೇನಬೇ? ಮಾಡಿದಾಂವ ನಿನ್ನ ಗಂಡ, ಪಗಾರ ನಾ ಕೊಡಬೇಕ?"

ಸಾವಕಾರ ಸಿದ್ದಲಿಂಗೇಶನ ಮಾತಿಗೆ ಮೇಸ್ತ್ರಿ ಹಲ್ಲು ಕಿರಿದ. ಓಡುವ ಬೆಲ್ಟಿನ ಎರಡೂ ಬದಿ ಕೂತು ಒಣದ್ರಾಕ್ಷಿಯೊಳಗಿನ ಕಡ್ಡಿ, ಹರಳು ಆರಿಸುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ವಿದ್ಯಾವತಿ ಒಬ್ಬಳೇ ಏಳು ತಿಂಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ನಾ ಹೇಳಿದ್ದಲ್ರಿ ಸಾವಕಾರ್ರ. ನಿಮ್ಮ ಗ್ವಾಡಿ ಮ್ಯಾಲ ಬರದೈತಿ."

ಟಿಕೋಟಾ ರಸ್ತೆಯ ಆ ಕಾರ್ಖಾನೆಯ ಬಾಗಿಲ ಪಕ್ಕ ಒಂದು ನೀಲಿ ಬೋರ್ಡು ಇತ್ತು. ಹೆರಿಗೆಗೆ ಇಪ್ಪತ್ತಾರು ವಾರ ಪಗಾರಿನ ರಜೆ, ಬಸುರಿಯನ್ನು ಕೆಲಸದಿಂದ ತೆಗೆದರೂ ಆ ಹಣ ತಪ್ಪುವುದಿಲ್ಲ ಅಂತ ಅಚ್ಚ ಕನ್ನಡದಲ್ಲಿ ಬರೆದಿತ್ತು. ಅದರ ಮೊಳೆಗೆ ಎಲ್ಲರೂ ಬುತ್ತಿಚೀಲ ತೂಗುಹಾಕುತ್ತಿದ್ದರು. ಹತ್ತನೇ ಇಯತ್ತೆವರೆಗೆ ಓದಿದ್ದ ವಿದ್ಯಾವತಿ ಒಂದು ದಿನ ಚೀಲ ಸರಿಸಿ ಓದಿದ್ದೇ ತಪ್ಪಾಯಿತು.

"ಅದು ಪರದೇಶದಿಂದ ಮಾಲು ನೋಡಾಕ ಬರೋರಿಗೆ ಹಾಕಿದ್ದಲೇ ರಂಡಿ! ನಿನಗ ಓದಂತ ಯಾರ ಹೇಳಿದ್ರು?"

ಮೊದಲ ಮಗಳನ್ನು ಹೆತ್ತ ಇಪ್ಪತ್ತನೇ ದಿನಕ್ಕೆ ಅವಳು ಇದೇ ಬೆಲ್ಟಿಗೆ ಬಂದು ಕೂತಿದ್ದಳು. ಮನೆಯಲ್ಲಿ ಕೂಸು ಸಕ್ಕರೆ ನೀರು ಚೀಪುತ್ತಿದ್ದರೆ ಇಲ್ಲಿ ಹಾಲು ರವಿಕೆ ತೋಯಿಸುತ್ತಿತ್ತು. ಈ ಸಲ ಆರು ತಿಂಗಳು ಕೂಸಿಗೆ ಎದೆಹಾಲು ಕೊಡಬೇಕು. ಅವಳ ಹಟ ಅಷ್ಟೇ.

ಮುಂದಿನ ಶುಕ್ರವಾರ ಸಾವಕಾರನ ಮಾತು ಬೆಣ್ಣೆಯಾಯಿತು. "ವಿದ್ಯಾವತಿ ನಮ್ಮ ಮಗಳಿದ್ದಂಗ" ಅಂದ. ಅವನ ಹೆಂಡತಿ ವಿಜಯಲಕ್ಷ್ಮೀ ಕಾರಿನಲ್ಲಿ ಬಂದು, ಬೆಲ್ಟು ನಿಲ್ಲಿಸಿ, ಬಸುರಿಗೆ ಸೀಮಂತದ ಕುಬಸ ಮಾಡಿದಳು. ಹಸಿರು ಸೀರೆ, ಹಸಿರು ಬಳೆ. ತಾಯಿ ಸತ್ತು ತವರಿಲ್ಲದ ವಿದ್ಯಾವತಿಗೆ ಅಳು ತಡೆಯಲಿಲ್ಲ. ಬೈದವನ ಮನೆಯ ಸೀರೆ ಅಂತ ಗೊತ್ತಿದ್ದೂ ಅತ್ತಳು. ಒಡ್ಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನಬೇರು ಬಿದ್ದವು.

ತುಂಬಿದ ಉಡಿ ಚೆಲ್ಲಬಾರದು. ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ನಿಂತಿದ್ದಾಗಲೇ ಮಡಚಿದ ಕಾಗದ ಬಂತು.

"ಸೀರಿ ಮುಟ್ಟಿದ್ದಕ್ಕ ಒಂದ ಸೈ ಮಾಡವ್ವಾ" ಅಂದಳು ವಿಜಯಲಕ್ಷ್ಮೀ.

"ಒಂಚೂರ ಓದತೇನ್ರಿ ಅಕ್ಕಾರ."

"ಓದಾಕ ಉಡಿ ಕೆಳಗಿಡತಿ ಏನ? ಹೊಟ್ಯಾಗಿನ ಕೂಸಿಗೆ ಒಳ್ಳೇದಲ್ಲ. ಕಾಗದ ನಾ ಹಿಡೀತೇನಿ, ನೀ ಸೈ ಮಾಡು."

ಬಲಗೈ ಒಂದನ್ನೇ ಬಿಡಿಸಿಕೊಂಡು ಸೈ ಮಾಡಿದಳು.

ಮರುದಿನ ಗೇಟಿನಲ್ಲೇ ಮೇಸ್ತ್ರಿ ಅಡ್ಡ ನಿಂತ. ಸಾವಕಾರ ಹೊರಗೆ ಬಂದು ಕಾಗದ ಇಟ್ಟಿದ್ದ ಅಂಗಿಯ ಕಿಸೆ ತಟ್ಟಿ ನಕ್ಕ.

"ನಾ ತೆಗದಿದ್ರ ಕೊಡಬೇಕಾಗತಿತ್ತು, ಖರೆ. ಸ್ವಂತ ಖುಷಿಲೆ ಕೆಲಸ ಬಿಟ್ಟೇನಿ ಅಂತ ನೀನ ಬರಕೊಟ್ಟೀದಿ. ಅದಕ್ಕ ಬೋರ್ಡಿನ್ಯಾಗ ಏನ ಬರದಾರ, ಓದ ನೋಡೂನು."

ವಿದ್ಯಾವತಿ ತಿರುಗಿ ನಡೆದಳು. ಇಬ್ರಾಹಿಂಪುರದ ಮನೆಗೆ ಹೋಗಿ ಹಸಿರು ಸೀರೆ ಉಟ್ಟಳು. ಇನ್ನೂ ಬೇಯಿಸದ ಉಡಿಯಕ್ಕಿಯನ್ನು ಮತ್ತೆ ಸೆರಗಿಗೆ ಸುರುವಿಕೊಂಡು ಟಂಟಂ ಆಟೊ ಹತ್ತಿ ಕಾರ್ಖಾನೆಗೆ ಬಂದಳು. ಉಡಿ ತುಂಬಿದ ಬಸುರಿಯನ್ನು ತಳ್ಳಲು ಮೇಸ್ತ್ರಿಗೂ ಕೈ ಬರಲಿಲ್ಲ.

ಬೆಲ್ಟು ಓಡುತ್ತಿತ್ತು. ಪಕ್ಕದ ಮಣೆಯ ನೂರಜಹಾನ ಸರಿದು ಜಾಗ ಮಾಡಿಕೊಟ್ಟಳು. ವಿದ್ಯಾವತಿ ಕೂರಲಿಲ್ಲ. ಸೆರಗು ಬಿಟ್ಟಳು. ಅಕ್ಕಿಯೆಲ್ಲ ದ್ರಾಕ್ಷಿಯ ಮೇಲೆ ಸುರಿಯಿತು.

"ಯವ್ವಾ!" ಅಂತ ಹೆಂಗಸರು ಎದೆ ಮುಟ್ಟಿಕೊಂಡರು. ಸಾವಕಾರ ಓಡಿ ಬಂದ.

"ಆರಸ್ರಿ ರಂಡೇರ! ಏನ ನೋಡತೀರಿ, ಅಕ್ಕಿ ಆರಸ್ರಿ!"

ನೂರಜಹಾನ ಕೈ ಕಟ್ಟಿಕೊಂಡಳು. "ಉಡಿಯಕ್ಕಿರಿ ಸಾವಕಾರ್ರ. ನಾವ್ ಹೆಂಗ ಮುಟ್ಟೂದ್ರಿ?"

ಒಂದು ಕೈಯೂ ಮೇಲೇಳಲಿಲ್ಲ. ವಿದ್ಯಾವತಿ ಸೆರಗು ಕೊಡವಿ, ಎರಡೂ ಅಂಗೈ ಸಾವಕಾರನ ಮುಂದೆ ಚಾಚಿದಳು.

"ಈಗ ಎರಡೂ ಕೈ ಖಾಲಿ ಅದಾವ. ಆ ಕಾಗದ ಕೊಡ್ರಿ, ಓದತೇನಿ."

ಬೆಲ್ಟು ನಿಂತಿರಲಿಲ್ಲ. ತುದಿಯಲ್ಲಿದ್ದ ಪರದೇಶಕ್ಕೆ ಹೋಗುವ ಪೆಟ್ಟಿಗೆಯೊಳಗೆ ದ್ರಾಕ್ಷಿಯ ಜೊತೆ ಅರಿಶಿನ ಹತ್ತಿದ ಅಕ್ಕಿ ಬೀಳುತ್ತಿತ್ತು.